ಓಡುವ ಮಗನನ್ನು ಕಾಲೇಜಿಗೆ ಕಳಿಸುವ ಮುನ್ನ



ಕಳೆದ ತಿಂಗಳು ಮೇವಿನ ಜೋಳದ ಬೀಜ ಹಂಚುವುದಕ್ಕಾಗಿ ನಮ್ಮ ವೃತ್ತದ ಒಂದು ಹಳ್ಳಿಗೆ ಹೋಗಿದ್ದೆ. ಕೆಲಸ ಮುಗಿಸಿ ಅರಳಿಕಟ್ಟೆಯ ಮೇಲೆ ಕುಳಿತಿರುವಾಗ ಹಿರಿಯ ರೈತರೊಬ್ಬರು ಪಕ್ಕಕ್ಕೆ ಬಂದು ಕುಳಿತರು. "ಸ್ವಾಮಿ, ಒಂದು ಮಾತು. ನಮ್ಮ ಹುಡುಗ ಬೆಳಗಿನ ಜಾವಕ್ಕೇ ಎದ್ದು ಕೆರೆ ಏರಿ ಮೇಲೆ ಓಡ್ತಾನೆ. ಜಿಲ್ಲೆಯಲ್ಲಿ ಐದು ಸಾವಿರ ಮೀಟರ್ ಓಟ ಗೆದ್ದು ಬಂದ. ಈಗ ಪಟ್ಟಣದ ಕಾಲೇಜಿನವರು ಕಾಗದ ಬರೆದಿದ್ದಾರೆ. ಫೀಜು ಬೇಡ, ಊಟ ವಸತಿ ನಮ್ಮದು, ನಮ್ಮ ಕಾಲೇಜಿನ ಪರವಾಗಿ ಓಡಲಿ ಅಂತ. ಓಡಿದರೆ ಹೊಟ್ಟೆ ತುಂಬೋದುಂಟೇ? ಕಳಿಸಲೋ, ಬೇಡವೋ?" ಎಂದು ಕೇಳಿದರು.

ಗೊಬ್ಬರದ ವಿಷಯ ಕೇಳಿದ್ದರೆ ಅಲ್ಲಿಯೇ ಹೇಳುತ್ತಿದ್ದೆ. ಇದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೃಷಿ ಡಿಪ್ಲೊಮಾ ಓದುವಾಗ ಒಮ್ಮೆ 5000 ಮೀಟರ್ ಓಟಕ್ಕೆ ಹೆಸರು ಕೊಟ್ಟು, ಮೊದಲ ಎರಡು ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದು, ಎಂಟನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಳಿತವನು. ಆದ್ದರಿಂದ "ಯಜಮಾನರೇ, ಓದಿ ತಿಳಿದುಕೊಂಡು ಹೇಳುತ್ತೇನೆ" ಎಂದು ಬಂದೆ. ಓದಿದ್ದರಲ್ಲಿ ಒಬ್ಬ ಓಟಗಾರನ ಕಥೆ ನನ್ನನ್ನು ಬಿಡಲಿಲ್ಲ. ಓಡುವ ಮಕ್ಕಳು ಬೇರೆ ಊರುಗಳಲ್ಲಿಯೂ ಇರುವುದರಿಂದ ಅದನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಆತನ ಹೆಸರು ಹೆನ್ರಿ ರೋನೊ. 1952ರಲ್ಲಿ ಆಫ್ರಿಕದ ಕೀನ್ಯಾ ದೇಶದ ನಂದಿ ಗುಡ್ಡಗಾಡಿನಲ್ಲಿ ಹುಟ್ಟಿದವನು. ನಮ್ಮ ಚಿಕ್ಕಬಳ್ಳಾಪುರದ ಕಡೆಯ ನಂದಿಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ; ಅಲ್ಲಿ ನಂದಿ ಎಂಬುದು ಒಂದು ಜನಾಂಗದ ಹೆಸರು. ದನ ಸಾಕುವ, ಮೆಕ್ಕೆಜೋಳ ಬೆಳೆಯುವ ಜನ. ಸುತ್ತಲೂ ಚಹಾ ತೋಟಗಳುಂಟು. ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದ ಪ್ರದೇಶವಾದ್ದರಿಂದ ಅಲ್ಲಿ ಗಾಳಿ ತೆಳುವು. ತೆಳುವಾದ ಗಾಳಿಯಲ್ಲಿ ಬೆಳೆದವರ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ಕಣಗಳು ಹೆಚ್ಚು. ದೂರದ ಓಟಕ್ಕೆ ಇದು ದೊಡ್ಡ ಬಂಡವಾಳ. ಆದರೆ ಆ ಗುಡ್ಡದಲ್ಲಿ ಹುಟ್ಟಿದವರೆಲ್ಲರೂ ಓಟಗಾರರಾಗಲಿಲ್ಲವೆಂಬುದನ್ನೂ ನೆನಪಿಡಬೇಕು.

ರೋನೊ ಸುಮಾರು ಎರಡು ವರ್ಷದ ಕೂಸಾಗಿದ್ದಾಗ ಸೈಕಲ್ಲಿನಿಂದ ಬಿದ್ದು, ಚಕ್ರದ ಕಡ್ಡಿಗಳಿಗೆ ಕಾಲು ಸಿಕ್ಕಿ, ಕೆಲವು ವರ್ಷ ಸರಿಯಾಗಿ ನಡೆಯಲಾರದೆ ಹೋದ. ತಂದೆಯನ್ನೂ ಚಿಕ್ಕ ವಯಸ್ಸಿನಲ್ಲಿಯೇ ಕಳೆದುಕೊಂಡ. ಮನೆಯ ಭಾರ ತಾಯಿಯ ಮೇಲೆ ಬಿತ್ತು. ಅದೇ ನಂದಿ ಜನಾಂಗದ ಕಿಪ್ ಕೀನೊ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದಾಗ ಆ ಗುಡ್ಡಗಳ ಹುಡುಗರೆಲ್ಲರ ಕಾಲಿಗೂ ರೆಕ್ಕೆ ಬಂದಂತಾಯಿತು. ರೋನೊ ಸೈನ್ಯಕ್ಕೆ ಸೇರಿ ಅಲ್ಲಿ ಓಟ ಕಲಿತ. 1976ರಲ್ಲಿ, 24ನೆಯ ವಯಸ್ಸಿನಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಎಂಬ ಊರಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಹೋದ. ಅಲ್ಲಿನ ತರಬೇತುದಾರರು ಜಾನ್ ಚಾಪ್ಲಿನ್. ಕೀನ್ಯಾದ ಓಟಗಾರರು ಆತನಿಗಿಂತ ಮೊದಲೇ ಅಲ್ಲಿದ್ದರು.

ಈ ಪುಲ್‌ಮನ್ ಊರಿನ ವಿಷಯ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಅಲೆಯಲೆಯಾಗಿ ಏರಿಳಿಯುವ ಗುಡ್ಡಗಳ ನಾಡು. ಗುಡ್ಡದ ನೆತ್ತಿಯವರೆಗೂ ಗೋಧಿ; ಜೊತೆಗೆ ಮಸೂರ, ಬಟಾಣಿ. ಆ ವಿಶ್ವವಿದ್ಯಾನಿಲಯ 1890ರಲ್ಲಿ ಹುಟ್ಟಿದ್ದು ಕೃಷಿ ಕಾಲೇಜಾಗಿಯೇ. ಅಲ್ಲಿದ್ದ ಆರ್ವಿಲ್ ವೋಗೆಲ್ ಎಂಬ ವಿಜ್ಞಾನಿಗಳು ಜಪಾನಿನ ನೋರಿನ್ 10 ಎಂಬ ಗಿಡ್ಡ ಗೋಧಿಯನ್ನು ಅಲ್ಲಿಯ ತಳಿಯೊಡನೆ ಕೂಡಿಸಿ, ಆ ಬೀಜವನ್ನು ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್ ಅವರಿಗೆ ಕೊಟ್ಟರು. ಅದರಿಂದ ಹುಟ್ಟಿದ ಗಿಡ್ಡ ತಳಿಗಳೇ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದದ್ದು. ನಾವು ತಿನ್ನುವ ಚಪಾತಿಗೂ ರೋನೊ ಓಡಿದ ಗುಡ್ಡಗಳಿಗೂ ಹೀಗೊಂದು ನಂಟುಂಟು.

ಈಗ ಅಮೆರಿಕದ ಕಾಲೇಜುಗಳಲ್ಲಿ ಓಟದ ಏರ್ಪಾಡು ಹೇಗೆಂಬುದನ್ನು ತಿಳಿದುಕೊಳ್ಳೋಣ. ಒಳ್ಳೆಯ ಓಟಗಾರನಿಗೆ ಕಾಲೇಜು ಫೀಜು, ವಸತಿ, ಊಟದ ಖರ್ಚನ್ನು ಭರಿಸುತ್ತದೆ. ಪ್ರತಿಯಾಗಿ ಆತ ಕಾಲೇಜಿನ ಪರವಾಗಿ ಓಡಬೇಕು. ಓಟಕ್ಕೆ ವರ್ಷದಲ್ಲಿ ಮೂರು ಹಂಗಾಮು, ನಮ್ಮ ಮುಂಗಾರು, ಹಿಂಗಾರು, ಬೇಸಿಗೆ ಬೆಳೆಗಳಂತೆ. ಎಲೆ ಉದುರುವ ಕಾಲದಲ್ಲಿ ಹುಲ್ಲುಗಾವಲು, ದಿಣ್ಣೆ, ಕೆಸರುಗಳ ಮೇಲೆ ಓಡುವ ಕ್ರಾಸ್ ಕಂಟ್ರಿ. ಚಳಿಗಾಲದಲ್ಲಿ ಸೂರಿನ ಕೆಳಗಿನ ಓಟ. ವಸಂತದಲ್ಲಿ ಬಯಲಿನ 400 ಮೀಟರ್ ಸುತ್ತುಪಥದ ಓಟ. ದೂರದ ಓಟಗಾರನು ಮೂರರಲ್ಲಿಯೂ ಬೇಕಾಗುವ ಆಳು. ಕ್ರಾಸ್ ಕಂಟ್ರಿಯಲ್ಲಿ ತಂಡಕ್ಕೆ ಏಳು ಜನ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡಿಸುತ್ತಾರೆ, ಯಾರ ಮೊತ್ತ ಕಡಿಮೆಯೋ ಆ ಕಾಲೇಜಿಗೆ ಗೆಲುವು. ಹೀಗಿರುವಾಗ ಮೊದಲಿಗನಾಗಿ ಬರಬಲ್ಲ ಒಬ್ಬನು ಸಿಕ್ಕಿದರೆ ಬಿಡುವವರು ಯಾರು? ರೋನೊ ಬಂದ ವರ್ಷವೇ, 1976ರಲ್ಲಿ, ಇಡೀ ಅಮೆರಿಕದ ಕಾಲೇಜುಗಳ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಮೊದಲಿಗನಾದ. 1977ರಲ್ಲಿಯೂ ಆತನೇ.

ಇಷ್ಟು ವೇಗ ಎಲ್ಲಿಂದ ಬರುತ್ತದೆ? ಒಲೆಯ ಉದಾಹರಣೆ ತೆಗೆದುಕೊಳ್ಳಿ. ಸೌದೆಗೆ ತಕ್ಕಷ್ಟು ಗಾಳಿ ಸಿಕ್ಕಿದರೆ ಉರಿ ಚೆನ್ನಾಗಿರುತ್ತದೆ. ಗಾಳಿ ಸಾಲದೆ ಸೌದೆ ತುರುಕಿದರೆ ಹೊಗೆ. ನಮ್ಮ ಕಾಲಿನ ಮಾಂಸಖಂಡವೂ ಹಾಗೆಯೇ. ಉಸಿರಿನ ಆಮ್ಲಜನಕ ಸಾಲುವಷ್ಟು ವೇಗದಲ್ಲಿ ಓಡಿದರೆ ಬಹಳ ಹೊತ್ತು ಓಡಬಹುದು. ಅದನ್ನು ಮೀರಿದರೆ ಕಾಲು ಉರಿಯುತ್ತದೆ, ಎದೆ ಬಿಗಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಲ್ಲಲೇಬೇಕು. ನಾನು ಎಂಟನೆಯ ಸುತ್ತಿನಲ್ಲಿ ಕುಳಿತದ್ದು ಇದರಿಂದಲೇ. ನಿಧಾನವಾದ ದೂರದ ಓಟವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಡಿದರೆ ಹೃದಯವು ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕುತ್ತದೆ. ಮಾಂಸಖಂಡದೊಳಗೆ ಎಳೆ ಎಳೆಯಾಗಿ ಹೊಸ ರಕ್ತನಾಳಗಳು ಹರಡುತ್ತವೆ. ಹೊಲಕ್ಕೆ ಹೊಸದಾಗಿ ಕಾಲುವೆ ತೋಡಿದಂತೆ. ಆ ಮೇಲೆ ವಾರಕ್ಕೆ ಒಂದೆರಡು ದಿನ ಮಾತ್ರ ಬಿರುಸಿನ ಓಟ, ನಡುವೆ ಬಿಡುವು, ಮತ್ತೆ ಬಿರುಸು.

ಇದರಲ್ಲಿ ಒಂದು ಅಪಾಯವುಂಟು. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ನರಗಟ್ಟುಗಳು ನಿಧಾನವಾಗಿ ಪಳಗುತ್ತವೆ. ಹುಡುಗನಿಗೆ "ಇನ್ನೂ ಓಡಬಲ್ಲೆ" ಎನ್ನಿಸುತ್ತಿರುವಾಗಲೇ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಶುರುವಾಗಿರುತ್ತದೆ. ಹೋರಿಯನ್ನು ಪಳಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬರಿಯ ನೊಗ, ಆಮೇಲೆ ಮರದ ತುಂಡು, ಆಮೇಲೆ ಖಾಲಿ ಗಾಡಿ. ಮೊದಲ ವರ್ಷವೇ ಆಳದ ಉಳುಮೆಗೆ ಕಟ್ಟಿದವನು ಹೋರಿಯನ್ನು ಕೆಡಿಸಿಕೊಳ್ಳುತ್ತಾನೆ. ಓಡುವ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೈ ಹಗುರವಾಗಲೆಂದು ಊಟ ಕಡಿಮೆ ಮಾಡಿಸಿದರೆ ಮುಟ್ಟು ಏರುಪೇರಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮುಟ್ಟು ನಿಂತರೆ "ಓಡುವವರಿಗೆ ಹಾಗೇ" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು. ರಾಗಿ, ಹುರುಳಿ, ಸೊಪ್ಪು, ಹಾಲು, ಕಡಲೆಕಾಯಿ ನಮ್ಮಲ್ಲಿಯೇ ಇವೆ. ಡಬ್ಬದ ಪುಡಿಗಳಿಗೆ ಹಣ ಸುರಿಯಬೇಕಾದ್ದಿಲ್ಲ.

ಇನ್ನು 1978ನೆಯ ವರ್ಷಕ್ಕೆ ಬರೋಣ. ಆ ವರ್ಷ ರೋನೊ ಮಾಡಿದ್ದನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಏಪ್ರಿಲ್ 8ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 5000 ಮೀಟರನ್ನು 13 ನಿಮಿಷ 8.4 ಸೆಕೆಂಡಿನಲ್ಲಿ ಓಡಿದ. ಹಳೆಯ ವಿಶ್ವದಾಖಲೆಗಿಂತ 4.5 ಸೆಕೆಂಡು ಕಡಿಮೆ. 400 ಮೀಟರ್ ಪಥದಲ್ಲಿ ಅದು ಹನ್ನೆರಡೂವರೆ ಸುತ್ತು, ಒಂದೊಂದು ಸುತ್ತಿಗೆ ಸುಮಾರು 63 ಸೆಕೆಂಡು. ಗಂಟೆಗೆ ಸುಮಾರು 23 ಕಿಲೋಮೀಟರ್! ಒಳ್ಳೆಯ ರಸ್ತೆಯಲ್ಲಿ ಸೈಕಲ್ಲನ್ನು ಉಸಿರುಗಟ್ಟಿ ತುಳಿದರೆ ನಿಮ್ಮ ಹುಡುಗ ಆತನ ಪಕ್ಕದಲ್ಲಿ ಸಾಗಿಯಾನು.

ಮೇ 13ರಂದು ಸಿಯಾಟಲ್ ನಗರದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್. ಇದು ಅಡೆತಡೆಗಳ ಓಟ. ಮೂರಡಿ ಎತ್ತರದ ಗಟ್ಟಿ ಮರದ ತಡೆಗಳನ್ನು 28 ಸಲ ದಾಟಬೇಕು. ಅದಲ್ಲದೆ ತಡೆಯ ಆಚೆಗೆ ನೀರಿನ ಗುಂಡಿಯಿರುವ ಕಡೆ 7 ಸಲ ಹಾರಬೇಕು. ತಡೆ ಕಾಲಿಗೆ ತಗುಲಿದರೆ ಬೀಳುವುದು ತಡೆಯಲ್ಲ, ಓಟಗಾರ. ಅದರಲ್ಲಿ ರೋನೊ 8 ನಿಮಿಷ 5.4 ಸೆಕೆಂಡು ತೆಗೆದುಕೊಂಡ. ಚಿಕ್ಕಂದಿನಲ್ಲಿ ಚಕ್ರಕ್ಕೆ ಸಿಕ್ಕಿ ಮುರಿದ ಕಾಲು! ಆ ದಾಖಲೆ 11 ವರ್ಷ ನಿಂತಿತು. 1989ರಲ್ಲಿ ಅದನ್ನು ಕೂದಲೆಳೆಯಷ್ಟು ಅಂತರದಲ್ಲಿ ಮುರಿದ ಪೀಟರ್ ಕೋಚ್ ಕೂಡ ಕೀನ್ಯಾದವನೇ, ಅದೇ ಪುಲ್‌ಮನ್ ಕಾಲೇಜಿನಲ್ಲಿ ಓದಿದವನೇ.

ಜೂನ್ 11ರಂದು ಆಸ್ಟ್ರಿಯ ದೇಶದ ವಿಯೆನ್ನಾದಲ್ಲಿ 10,000 ಮೀಟರ್, ಅಂದರೆ 25 ಸುತ್ತು, 27 ನಿಮಿಷ 22.5 ಸೆಕೆಂಡು. ಹಿಂದಿನ ವರ್ಷವಷ್ಟೇ ಈ ದಾಖಲೆಯನ್ನು ಮಾಡಿದ್ದವನು ಸ್ಯಾಮ್ಸನ್ ಕಿಮೋಬ್ವಾ, ರೋನೊವಿನ ಕಾಲೇಜಿನ ಜೊತೆಗಾರನೇ. ಅದರಿಂದ 8 ಸೆಕೆಂಡು ಕಳೆದ. ಕೊನೆಗೆ ಜೂನ್ 27ರಂದು ನಾರ್ವೆಯ ಓಸ್ಲೊದಲ್ಲಿ 3000 ಮೀಟರ್, 7 ನಿಮಿಷ 32.1 ಸೆಕೆಂಡು. ಅಲ್ಲಿಗೆ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆಗಳು. ಒಂದು ಬೆಳೆ ರಾಗಿ ಕೊಯ್ಲಿಗೆ ಬರುವಷ್ಟು ಕಾಲವೂ ಅಲ್ಲ.

ಇಲ್ಲಿ ನಿಂತು ಯೋಚಿಸಬೇಕಾದ ಸಂಗತಿಯಿದೆ. ಈ ನಾಲ್ಕು ಓಟಗಳ ನಡುನಡುವೆ ಆತ ಕಾಲೇಜಿನ ಪರವಾಗಿಯೂ ಓಡುತ್ತಿದ್ದ. ದಾಖಲೆ ಮುಗಿದ ಮೇಲಾದರೂ ವಿಶ್ರಾಂತಿ ಸಿಕ್ಕಿತೇ? ಇಲ್ಲ. ಅದೇ ಬೇಸಿಗೆಯಲ್ಲಿ ಅಲ್ಜೀರ್ಸ್‌ನ ಅಖಿಲ ಆಫ್ರಿಕ ಕ್ರೀಡಾಕೂಟದಲ್ಲಿ ಎರಡು ಚಿನ್ನ, ಕೆನಡದ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮತ್ತೆರಡು ಚಿನ್ನ. ಅಲ್ಲಿಂದ ಮರಳಿದರೆ ಕಾಲೇಜಿನ ಕ್ರಾಸ್ ಕಂಟ್ರಿ ಹಂಗಾಮು ಕಾದಿತ್ತು. ಹಿಂದಿನ ಎರಡು ವರ್ಷ ಗೆದ್ದವನು, ನಾಲ್ಕು ವಿಶ್ವದಾಖಲೆಗಳ ಒಡೆಯ, 1978ರ ಆ ಓಟದಲ್ಲಿ 200ಕ್ಕೂ ಹೆಚ್ಚು ಜನರ ಹಿಂದೆ ಬಂದ. ನೋಡಿದವರಿಗೆ ಆಶ್ಚರ್ಯವಾಗಿರಬಹುದು. ನನಗೆ ಆಗಲಿಲ್ಲ. ಒಳ್ಳೆಯ ಎತ್ತಿದ್ದ ಮನೆಗೆ ಬಿತ್ತನೆಯ ಕಾಲದಲ್ಲಿ ಊರೆಲ್ಲ ಬಂದು ಕೇಳುತ್ತದೆ. ಒಬ್ಬೊಬ್ಬರೂ ಒಂದೇ ದಿನಕ್ಕೆ ಕೇಳುವವರು, ಯಾರೂ ಕೆಟ್ಟವರಲ್ಲ. ಆದರೆ ಎತ್ತಿಗೆ ಅದು ಒಂದು ದಿನವಲ್ಲ. ಕಾಲೇಜಿಗೆ ಆತ ಬೇಕು, ದೇಶಕ್ಕೆ ಬೇಕು, ಯೂರೋಪಿನ ಓಟದ ಕೂಟಗಳವರಿಗೆ ಬೇಕು. "ಈ ವಾರ ಬೇಡ, ಬಿಡಿ" ಎಂದು ಹೇಳುವವರು ಯಾರೆಂಬುದು ನಾನು ಓದಿದ್ದರಲ್ಲಿ ಎಲ್ಲಿಯೂ ಕಾಣಲಿಲ್ಲ.

1979ರಲ್ಲಿ ಆತ ಕ್ರಾಸ್ ಕಂಟ್ರಿಯನ್ನು ಮೂರನೆಯ ಸಲ ಗೆದ್ದ. ಶಕ್ತಿ ಬತ್ತಿರಲಿಲ್ಲ. ಆದರೆ ಒಲಿಂಪಿಕ್ಸ್ ಅವನ ಪಾಲಿಗೆ ಬರಲೇ ಇಲ್ಲ. 1976ರಲ್ಲಿ ನ್ಯೂಜಿಲೆಂಡಿನ ರಗ್ಬಿ ತಂಡವು ವರ್ಣಭೇದದ ದಕ್ಷಿಣ ಆಫ್ರಿಕಕ್ಕೆ ಹೋಗಿ ಆಡಿತೆಂದು ಕೀನ್ಯಾ ಮುಂತಾದ ಆಫ್ರಿಕದ ದೇಶಗಳು ಒಲಿಂಪಿಕ್ಸನ್ನು ಬಹಿಷ್ಕರಿಸಿದವು. 1980ರಲ್ಲಿ ರಷ್ಯದ ಸೈನ್ಯ ಆಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕಾಗಿ ಅಮೆರಿಕ ಕರೆಕೊಟ್ಟ ಬಹಿಷ್ಕಾರಕ್ಕೆ ಕೀನ್ಯಾವೂ ಸೇರಿತು. ಬಹಿಷ್ಕಾರ ಸರಿಯೋ ತಪ್ಪೋ ದೊಡ್ಡವರ ಮಾತು. ಓಟಗಾರನ ಮೈ ಹದಕ್ಕೆ ಬಂದಿರುವುದು ಕೆಲವೇ ವರ್ಷ, ಆ ವರ್ಷಗಳು ಹಾಗೆ ಹೋದವು.

ಅದರ ಮೇಲೆ ಕುಡಿತ. ಇದನ್ನು ಆತ ತಾನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆ ಕಾಲದ ಕಟ್ಟಳೆಯಂತೆ ಓಟಗಾರರು ಬಹುಮಾನದ ಹಣವನ್ನು ಬಹಿರಂಗವಾಗಿ ಪಡೆಯುವಂತಿರಲಿಲ್ಲ. ಕೂಟಗಳವರು ಗುಟ್ಟಾಗಿ ಕೊಡುತ್ತಿದ್ದರು. ಲೆಕ್ಕವಿಲ್ಲದ ಹಣ ಬಂದ ದಾರಿಯಲ್ಲಿಯೇ ಹೋಗುತ್ತಿತ್ತು. ಪರಊರು, ಒಂಟಿತನ, ಕೈಯಲ್ಲಿ ಹಣ, ಸುತ್ತ ಹೊಗಳುವವರು. 1981ರಲ್ಲಿ ಮೈ ದಪ್ಪವಾಗಿ ಯೂರೋಪಿಗೆ ಬಂದ ಆತ ಓಡಿ ಓಡಿಯೇ ಮೈ ಇಳಿಸಿ, ನಾರ್ವೆಯ ಕ್ನಾರ್ವಿಕ್‌ನಲ್ಲಿ 5000 ಮೀಟರ್ ದಾಖಲೆಯನ್ನು ತಾನೇ ಮತ್ತೆ ಮುರಿದ: 13 ನಿಮಿಷ 6.2 ಸೆಕೆಂಡು. ಹಿಂದಿನ ರಾತ್ರಿ ಕುಡಿದಿದ್ದನೆಂದು ಹೇಳುತ್ತಾರೆ. ಕೆಲವರು ಇದನ್ನು ಸಾಹಸದ ಕಥೆಯಂತೆ ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಅದು ಆತನ ಕೊನೆಯ ವಿಶ್ವದಾಖಲೆಯಾಗಿತ್ತು, ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮನೆಮಠವಿಲ್ಲದವರು ತಂಗುವ ಛತ್ರಗಳಲ್ಲಿ ದಿನ ಕಳೆದ. ಕಾರು ನಿಲ್ಲಿಸುವ ಕಡೆ ಕಾವಲಿದ್ದ, ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊತ್ತ. ಬಹಳ ವರ್ಷಗಳ ಮೇಲೆ ಕುಡಿತ ಬಿಟ್ಟು, ಅಮೆರಿಕದ ಆಲ್ಬುಕರ್ಕಿ ಎಂಬ ಊರಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಓಟ ಹೇಳಿಕೊಟ್ಟ. 2007ರಲ್ಲಿ ತನ್ನ ಜೀವನಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಿದ. 2019ರಲ್ಲಿ ಕೀನ್ಯಾಕ್ಕೆ ಮರಳಿದ. 2024ರ ಫೆಬ್ರವರಿ 15ರಂದು ನೈರೋಬಿಯಲ್ಲಿ, 72ನೆಯ ವಯಸ್ಸಿನಲ್ಲಿ ತೀರಿಕೊಂಡ.

ಇದೆಲ್ಲವನ್ನೂ ಮೊನ್ನೆ ಆ ಯಜಮಾನರಿಗೆ ಅವರ ಜಗುಲಿಯ ಮೇಲೆ ಕುಳಿತು ಹೇಳಿದೆ. ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ಹಾಗಾದರೆ ಕಳಿಸಬೇಡಿ ಅಂತೀರಾ?" ಎಂದರು. ನಾನು ಹಾಗೆನ್ನಲಿಲ್ಲ. ಓಟವಿಲ್ಲದಿದ್ದರೆ ರೋನೊ ಗುಡ್ಡ ಬಿಟ್ಟು ಕಾಲೇಜಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನಮ್ಮಲ್ಲಿಯೂ ಕ್ರೀಡಾ ಕೋಟಾದಡಿ ಕಾಲೇಜು ಸೇರಿದವರು, ಅಂತರ ವಿಶ್ವವಿದ್ಯಾನಿಲಯ ಸ್ಪರ್ಧೆಗಳಲ್ಲಿ ಓಡಿ ರೈಲ್ವೆ, ಪೊಲೀಸ್, ಸೈನ್ಯಗಳಲ್ಲಿ ಕೆಲಸ ಹಿಡಿದವರು ಇದ್ದಾರೆ. ಕಳಿಸಿ, ಆದರೆ ಕೇಳಿ ಕಳಿಸಿ ಎಂದೆ.

ಏನು ಕೇಳುವುದೆಂದರೆ: ವರ್ಷಕ್ಕೆ ಎಷ್ಟು ಓಟ ಓಡಿಸುತ್ತೀರಿ, ಬಿಡುವಿನ ವಾರಗಳು ಯಾವುವು? ಕಾಲು ನೋವೆಂದರೆ ಯಾರು ನೋಡುತ್ತಾರೆ, ಆಸ್ಪತ್ರೆಯ ಖರ್ಚು ಯಾರದು? ಒಂದು ವರ್ಷ ನೋವಿನಿಂದ ಓಡಲಾಗದೆ ಹೋದರೆ ಫೀಜು, ವಸತಿ ನಿಲ್ಲಿಸುತ್ತೀರೋ, ಮುಂದುವರಿಸುತ್ತೀರೋ? ಇದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು. ಓಟಕ್ಕೆ ಹೋದ ದಿನಗಳ ಪಾಠ ಯಾರು ಹೇಳಿಕೊಡುತ್ತಾರೆ, ಪರೀಕ್ಷೆಯ ದಿನವೇ ಓಟ ಬಂದರೆ ಏನು ಮಾಡುತ್ತೀರಿ? ಬಹುಮಾನದ ಹಣ ಹುಡುಗನ ಹೆಸರಿನ ಬ್ಯಾಂಕ್ ಖಾತೆಗೇ ಬರಬೇಕು. ಸೂಜಿ, ಮಾತ್ರೆ ಏನೇ ಕೊಟ್ಟರೂ ಹೆಸರು ಬರೆದು ಕೊಡಲಿ. ನಿಷೇಧಿಸಿದ ಮದ್ದು ರಕ್ತದಲ್ಲಿ ಸಿಕ್ಕಿದರೆ ದಂಡ ತೆರುವವನು ಕೊಟ್ಟವನಿಗಿಂತ ಮೊದಲು ಓಡಿದವನು.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೆಲ್ಲ ಕೇಳಿದರೆ ಅವರು ಬೇಡ ಅಂದುಬಿಟ್ಟರೆ?" ಎಂದರು. ಆಗ ಬಾಗಿಲ ಮರೆಯಿಂದ ಹುಡುಗನೇ, "ಅಪ್ಪಾ, ಕೇಳೋಣ. ಬೇಡ ಅಂದರೆ ಇನ್ನೊಂದು ಕಾಲೇಜು ಇಲ್ವಾ?" ಎಂದ. ಅವನ ಎಡಗಾಲಿನ ಮೂಳೆ ಮುಟ್ಟಿದರೆ ನೋಯುತ್ತದೆಯೆಂಬುದು ಕೂಡ ಅವತ್ತೇ ಹೊರಬಿತ್ತು. ಎರಡು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ತಾಯಿ ಒಳಗಿನಿಂದ ಬಂದು ಒಂದು ಮಾತೂ ಆಡದೆ ಅವನ ಕಾಲನ್ನು ನೋಡಿದರು. ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ವೈದ್ಯರು ಆರು ವಾರ ಓಡಕೂಡದೆಂದು ಹೇಳಿದ್ದಾರೆ.

ಬರುವ ಸೋಮವಾರ ತಂದೆ ಮಗ ಇಬ್ಬರೂ ಕಾಲೇಜಿಗೆ ಹೋಗುತ್ತಾರೆ. ನನ್ನನ್ನೂ ಜೊತೆಗೆ ಕರೆದಿದ್ದಾರೆ, ಒಪ್ಪಿಕೊಂಡಿದ್ದೇನೆ. ಆದಕಾರಣ ಮಣ್ಣಿನ ಮಾದರಿ ತರತಕ್ಕವರು ಸೋಮವಾರದ ಬದಲು ಮಂಗಳವಾರ ಬೆಳಿಗ್ಗೆ ತರಬೇಕಾಗಿ ಕೋರುತ್ತೇನೆ. ಚೀಲದ ಮೇಲೆ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದಿರಲಿ.